ಸಿಟಿ ಸ್ಕ್ಯಾನಿನ ‘ಡೈ’: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ಕುಂದಾಪುರದ ಸಮೀಪದ ಹಳ್ಳಿಯಲ್ಲಿದ್ದಾರೆ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ತಿಂಗಳು ಅಲ್ಟ್ರಾಸೌಂಡ್ ಮಾಡಿಸಿದಾಗ ಲಿವರಿನಲ್ಲಿ 3 ಸೆಂ.ಮೀ. ಗಡ್ಡೆ ಕಂಡಿದ್ದು, ಕಾಂಟ್ರಾಸ್ಟ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಲು ವೈದ್ಯರು ಹೇಳಿದ್ದಾರೆ. ತಾಯಿಯ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) 1.3 ಇದೆ. ಆ ‘ಡೈ’ನಿಂದ ಕಿಡ್ನಿ ಹೋಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಸ್ಕ್ಯಾನ್ ಕೇಂದ್ರದವರು ಸಹಿಗೆ ಕೊಟ್ಟ ಕಾಗದದಲ್ಲಿಯೂ ಪ್ರಾಣಾಪಾಯವಾಗಬಹುದು ಎಂದಿದೆ. ತಾಯಿಗೆ ಸಿಗಡಿ ತಿಂದರೆ ಮೈ ತುರಿಸುತ್ತದೆ. ಹಾಗಿದ್ದರೆ ಅಯೋಡಿನ್ ಇರುವ ಔಷಧ ಕೊಡಬಾರದು ಎಂದು ಯಾರೋ ಹೇಳಿದರು. ಇನ್ನೊಂದು ವಿಷಯ, ಇದು ಮುಖ್ಯವೋ ಅಲ್ಲವೋ ಗೊತ್ತಿಲ್ಲ: ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಕಿಡ್ನಿ ಕಲ್ಲಿಗಾಗಿ ಐವಿಪಿ ಎಕ್ಸ್‌ರೇ ತೆಗೆಯುವಾಗ ಇಂಜೆಕ್ಷನ್ ಕೊಟ್ಟ ಮೇಲೆ ಮೈಮೇಲೆ ಗಂಧೆಗಳು ಎದ್ದಿದ್ದವಂತೆ. ಕಾಂಟ್ರಾಸ್ಟ್ ಇಲ್ಲದೆಯೇ ಸ್ಕ್ಯಾನ್ ಮಾಡಿಸಬಹುದೇ?

ಉತ್ತರ: ನೀವು ಕೊನೆಯಲ್ಲಿ, ಮುಖ್ಯವೋ ಅಲ್ಲವೋ ಎಂಬ ಅನುಮಾನದೊಂದಿಗೆ ಬರೆದ ಸಂಗತಿಯೇ ನನ್ನ ಮಟ್ಟಿಗೆ ನಿಮ್ಮ ಪತ್ರದ ಅತ್ಯಂತ ಮುಖ್ಯವಾದ ಸಾಲು. ಸಿಗಡಿ, ಮೆಟ್‌ಫಾರ್ಮಿನ್, ಕ್ರಿಯಾಟಿನಿನ್ ಇವುಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಹಿಂದೊಮ್ಮೆ ಇದೇ ಬಗೆಯ ಇಂಜೆಕ್ಷನ್‌ನಿಂದ ಏನಾಯಿತು ಎಂಬುದನ್ನು ಮಾತ್ರ ಮನೆಯವರು ಮರೆತಿರುತ್ತಾರೆ, ಇಲ್ಲವೇ ಹೇಳುವ ಅಗತ್ಯವಿಲ್ಲ ಎಂದುಕೊಂಡಿರುತ್ತಾರೆ. ಆ ಗಂಧೆಯ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ನಿಮ್ಮ ನೇರ ಪ್ರಶ್ನೆಗೆ ಉತ್ತರ: ಕಾಂಟ್ರಾಸ್ಟ್ ಇಲ್ಲದೆ ಸ್ಕ್ಯಾನ್ ಮಾಡಿಸಬಹುದು, ಆದರೆ ನಿಮ್ಮ ತಾಯಿಯವರ ವಿಷಯದಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕಿಡ್ನಿಯಲ್ಲಿ ಕಲ್ಲಿದೆಯೇ, ಮಿದುಳಿನಲ್ಲಿ ರಕ್ತಸ್ರಾವವಾಗಿದೆಯೇ ಎಂದು ನೋಡಬೇಕಾದರೆ ಕಾಂಟ್ರಾಸ್ಟ್ ಬೇಕಾಗಿಲ್ಲ, ಏಕೆಂದರೆ ಕಲ್ಲೂ ಹೊಸ ರಕ್ತವೂ ಸುತ್ತಲಿನ ಅಂಗಾಂಶಕ್ಕಿಂತ ತಾವಾಗಿಯೇ ಬೆಳ್ಳಗೆ ಕಾಣುತ್ತವೆ. ಲಿವರಿನ ಗಡ್ಡೆ ಹಾಗಲ್ಲ. ಅದರ ಸಾಂದ್ರತೆಯೂ ಲಿವರಿನ ಸಾಂದ್ರತೆಯೂ ಎಷ್ಟೋ ಬಾರಿ ಎಷ್ಟು ಹತ್ತಿರವಿರುತ್ತವೆಂದರೆ, ಸುಣ್ಣ ಬಳಿದ ಗೋಡೆಯ ಮೇಲೆ ಸುಣ್ಣದಲ್ಲೇ ಬರೆದ ಅಕ್ಷರದಂತೆ ಗಡ್ಡೆ ಕಣ್ಣಿಗೆ ಬೀಳುವುದೇ ಇಲ್ಲ; ಬಿದ್ದರೂ ಅದು ಯಾವ ಬಗೆಯದೆಂದು ಹೇಳಲಾಗುವುದಿಲ್ಲ. ಕಾಂಟ್ರಾಸ್ಟ್ ಕೊಟ್ಟಾಗ ನಾವು ನೋಡುವುದು ಗಡ್ಡೆಯ ಆಕಾರವನ್ನಷ್ಟೇ ಅಲ್ಲ, ಅದು ರಕ್ತವನ್ನು ಹೇಗೆ ಕುಡಿಯುತ್ತದೆ ಎಂಬುದನ್ನು. ಆರೋಗ್ಯವಾಗಿರುವ ಲಿವರಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯದು, ಕಾಲು ಪಾಲು ಮಾತ್ರ ಅಪಧಮನಿಯದು. ಲಿವರಿನಲ್ಲಿಯೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಅಪಧಮನಿಯನ್ನೇ ಅವಲಂಬಿಸಿರುತ್ತದೆ. ಹಾಗಾಗಿ ಇಂಜೆಕ್ಷನ್ ಕೊಟ್ಟ ಅರ್ಧ ನಿಮಿಷದ ಸುಮಾರಿಗೆ ತೆಗೆದ ಚಿತ್ರದಲ್ಲಿ ಅದು ಥಟ್ಟನೆ ಬೆಳ್ಳಗಾಗಿ, ಒಂದು ನಿಮಿಷ ಕಳೆದ ಮೇಲೆ ಸುತ್ತಲಿನ ಲಿವರ್ ಬೆಳ್ಳಗಾಗುವ ಹೊತ್ತಿಗೆ ತಾನು ಮಂಕಾಗುತ್ತದೆ. ನಿರುಪದ್ರವಿಯಾದ ರಕ್ತನಾಳದ ಗಂಟು, ಅಂದರೆ ಹೀಮ್ಯಾಂಜಿಯೋಮ, ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಬೆಳ್ಳಗಾಗಲು ಶುರುವಾಗಿ ನಿಧಾನವಾಗಿ ಒಳಗಿನವರೆಗೆ ತುಂಬಿಕೊಳ್ಳುತ್ತದೆ. ಈ ವ್ಯತ್ಯಾಸ ಕಂಡರೆ ಎಷ್ಟೋ ಬಾರಿ ಸೂಜಿ ಚುಚ್ಚಿ ತುಣುಕು ತೆಗೆಯುವ ಪ್ರಮೇಯವೇ ಬರುವುದಿಲ್ಲ. ನಿಮ್ಮ ವೈದ್ಯರು ಕಾಂಟ್ರಾಸ್ಟ್ ಕೇಳಿರುವುದು ಇದಕ್ಕಾಗಿಯೇ.

ಜನ ಇದನ್ನು ಡೈ ಎಂದು ಕರೆದರೂ ಇದರಲ್ಲಿ ಬಣ್ಣವೇನೂ ಇಲ್ಲ. ನೀರಿನಂತೆ ತಿಳಿಯಾದ, ಮುಟ್ಟಿದರೆ ಸ್ವಲ್ಪ ಅಂಟುವ ದ್ರವ ಇದು. ಬೆಂಜೀನ್ ಉಂಗುರಕ್ಕೆ ಮೂರು ಅಯೋಡಿನ್ ಪರಮಾಣುಗಳನ್ನು ಬಿಗಿಯಾಗಿ ಕಟ್ಟಿ, ನೀರಿನಲ್ಲಿ ಕರಗುವಂತೆ ಮಾಡಿದ ಅಣು ಇದರಲ್ಲಿರುತ್ತದೆ. ಅಯೋಡಿನ್ ಭಾರವಾದ ಧಾತುವಾದ್ದರಿಂದ ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ. ಅದು ಹೋದ ಕಡೆಯೆಲ್ಲ ಚಿತ್ರ ಬೆಳ್ಳಗಾಗುತ್ತದೆ. ಇದು ಗೊತ್ತಾದದ್ದೂ ಒಂದು ರೀತಿಯಲ್ಲಿ ಆಕಸ್ಮಿಕವಾಗಿಯೇ. ಸಿಫಿಲಿಸ್ ರೋಗಕ್ಕೆ ಸೋಡಿಯಂ ಅಯೋಡೈಡ್ ಕೊಡುತ್ತಿದ್ದ ಕಾಲದಲ್ಲಿ ಅಂಥ ರೋಗಿಗಳ ಮೂತ್ರಕೋಶ ಎಕ್ಸ್‌ರೇಯಲ್ಲಿ ಎದ್ದು ಕಾಣುವುದನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಗಮನಿಸಿ 1923ರಲ್ಲಿ ವರದಿ ಮಾಡಿದರು. ಅಲ್ಲಿಂದ ಮುಂದಿನ ಇತಿಹಾಸವೆಲ್ಲ, ಅಯೋಡಿನ್ನಿನ ಈ ಗುಣವನ್ನು ಉಳಿಸಿಕೊಂಡು ಉಪದ್ರವವನ್ನು ಕಡಿಮೆ ಮಾಡುವ ಪ್ರಯತ್ನವೇ.

ಆ ಉಪದ್ರವದ ದೊಡ್ಡ ಭಾಗಕ್ಕೆ ಕಾರಣ ಅಯೋಡಿನ್ ಆಗಿರಲಿಲ್ಲ, ದ್ರಾವಣದ ‘ಗಾಢತೆ’ಯಾಗಿತ್ತು. ಐವಿಪಿ ಕಾಲದ ಹಳೆಯ ಔಷಧಗಳು (ಯೂರೋಗ್ರಾಫಿನ್ ಎಂಬ ಹೆಸರನ್ನು ಆಗಿನವರು ಕೇಳಿರುತ್ತಾರೆ) ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತಿದ್ದವು. ಅವುಗಳ ಆಸ್ಮೊಲಾಲಿಟಿ, ಅಂದರೆ ಕರಗಿರುವ ಕಣಗಳ ದಟ್ಟಣೆ, ರಕ್ತಕ್ಕಿಂತ ಐದರಿಂದ ಎಂಟು ಪಟ್ಟು ಹೆಚ್ಚಿರುತ್ತಿತ್ತು. ಇಂಥ ದ್ರವ ರಕ್ತನಾಳಕ್ಕೆ ಹೊಕ್ಕಾಗ ಸುತ್ತಲಿನ ಜೀವಕೋಶಗಳಿಂದ ನೀರನ್ನು ಎಳೆದುಕೊಳ್ಳುತ್ತದೆ. ಉರಿ, ವಾಂತಿ, ರಕ್ತದೊತ್ತಡದ ಏರುಪೇರು ಎಲ್ಲವೂ ಬೆನ್ನಿಗೆ ಬರುತ್ತವೆ. ಸ್ವೀಡನ್ನಿನ ರೇಡಿಯಾಲಜಿಸ್ಟ್ ಟಾರ್‌ಸ್ಟೆನ್ ಅಲ್ಮೇನ್ ಅವರು ಸಮುದ್ರದ ಉಪ್ಪುನೀರಿನಲ್ಲಿ ಕಣ್ಣು ಉರಿಯುವುದಕ್ಕೂ ರೋಗಿಗಳು ಇಂಜೆಕ್ಷನ್ ಹೊತ್ತಿನಲ್ಲಿ ನೋವಿನಿಂದ ಚೀರುವುದಕ್ಕೂ ಕಾರಣ ಒಂದೇ ಇರಬೇಕೆಂದು 1960ರ ದಶಕದಲ್ಲಿ ತರ್ಕಿಸಿ, ಅಯಾನುಗಳಾಗಿ ಒಡೆಯದ ಅಣುವನ್ನು ಸೂಚಿಸಿದರು. ಇಂದು ನಮ್ಮಲ್ಲಿ ಬಳಕೆಯಲ್ಲಿರುವ ಅಯೋಹೆಕ್ಸಾಲ್, ಅಯೋಪಮಿಡಾಲ್ ಮುಂತಾದವು ಆ ಆಲೋಚನೆಯ ಸಂತತಿ. ಅವುಗಳ ಆಸ್ಮೊಲಾಲಿಟಿ ರಕ್ತದ ಎರಡು ಮೂರು ಪಟ್ಟು ಮಾತ್ರ, ಅಯೋಡಿಕ್ಸನಾಲ್‌ನದು ರಕ್ತದಷ್ಟೇ. ಈ ಬದಲಾವಣೆಯ ಫಲವನ್ನು ಅಳೆದ ಜಪಾನಿನ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಮೂರು ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಅದರಲ್ಲಿ ಹಳೆಯ ಔಷಧದಿಂದ ಶೇ 12.66 ಮಂದಿಗೆ ಏನಾದರೊಂದು ಅಡ್ಡಪರಿಣಾಮವಾಗಿದ್ದರೆ ಹೊಸದರಿಂದ ಶೇ 3.13 ಮಂದಿಗೆ ಮಾತ್ರ ಆಗಿತ್ತು. ತೀವ್ರವಾದವು ಶೇ 0.22ರಿಂದ ಶೇ 0.04ಕ್ಕೆ ಇಳಿದಿದ್ದವು. ಶೇ 0.04 ಎಂದರೆ ಹತ್ತು ಸಾವಿರದಲ್ಲಿ ನಾಲ್ವರು. ಸಹಿಯ ಕಾಗದದಲ್ಲಿರುವ ‘ಪ್ರಾಣಾಪಾಯ’ ಎಂಬ ಪದ ಸುಳ್ಳಲ್ಲ, ಆದರೆ ಅದು ಇನ್ನೂ ವಿರಳವಾದ ಸಂಗತಿ. ಆ ಕಾಗದದಲ್ಲಿ ಈ ಸಂಖ್ಯೆಯನ್ನೂ ಬರೆದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ ಎಂದು ನನಗೆ ಅನ್ನಿಸಿದ್ದುಂಟು.

ಟೇಬಲ್ಲಿನ ಮೇಲೆ ಏನಾಗುತ್ತದೆ ಎಂಬುದನ್ನು ತಾಯಿಯವರಿಗೆ ಮೊದಲೇ ಹೇಳಿಡಿ. ಮೊಣಕೈ ಹತ್ತಿರದ ನಾಳಕ್ಕೆ ಕ್ಯಾನ್ಯುಲಾ ಎಂಬ ಸಣ್ಣ ಕೊಳವೆ ಹಾಕಿ, ಯಂತ್ರದ ಮೂಲಕ ಸೆಕೆಂಡಿಗೆ ಮೂರರಿಂದ ಐದು ಮಿ.ಲೀ. ವೇಗದಲ್ಲಿ ಸುಮಾರು 100 ಮಿ.ಲೀ. ಔಷಧವನ್ನು ತಳ್ಳುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಗಂಟಲಿನಿಂದ ಕೆಳಗಿನವರೆಗೆ ಬಿಸಿಯ ಅಲೆಯೊಂದು ಇಳಿದಂತಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋಗಿಬಿಟ್ಟಿತೇನೋ ಎಂಬ ಭ್ರಮೆ ಹುಟ್ಟುತ್ತದೆ. ವಯಸ್ಸಾದ ಹೆಂಗಸರು ಇದರಿಂದ ಮುಜುಗರಪಟ್ಟು, ಸ್ಕ್ಯಾನ್ ಮುಗಿದ ಮೇಲೆ ಸೀರೆಯನ್ನು ಮುಟ್ಟಿ ನೋಡಿಕೊಳ್ಳುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಹಾಗೇನೂ ಆಗಿರುವುದಿಲ್ಲ, ಒಂದು ನಿಮಿಷದೊಳಗೆ ಎಲ್ಲವೂ ತಣ್ಣಗಾಗುತ್ತದೆ. ಇದು ಅಲರ್ಜಿ ಅಲ್ಲ, ಮುಂದಿನ ಬಾರಿ ‘ನನಗೆ ಡೈ ಆಗಿಬರುವುದಿಲ್ಲ’ ಎಂದು ಹೇಳುವ ಕಾರಣವೂ ಅಲ್ಲ.

ಅಲರ್ಜಿಯಂಥ ಪ್ರತಿಕ್ರಿಯೆ ಬೇರೆ. ಗಂಧೆ, ತುರಿಕೆ, ಕಣ್ಣು ತುಟಿಗಳ ಊತ, ಸೀನು, ಗಂಟಲು ಬಿಗಿಯುವುದು, ಉಬ್ಬಸ, ಅತಿ ವಿರಳವಾಗಿ ರಕ್ತದೊತ್ತಡ ಕುಸಿಯುವುದು ಇದರ ಲಕ್ಷಣಗಳು. ಹೆಚ್ಚಿನ ಪಾಲು ಗಂಧೆ ತುರಿಕೆಗಳಲ್ಲೇ ಮುಗಿಯುತ್ತದೆ. ತೀವ್ರವಾದದ್ದು ಬರುವುದಾದರೆ ಬಹುಮಟ್ಟಿಗೆ ಮೊದಲ ಇಪ್ಪತ್ತು ಮೂವತ್ತು ನಿಮಿಷಗಳಲ್ಲೇ ಬರುತ್ತದೆ. ಸ್ಕ್ಯಾನ್ ಆದ ಕೂಡಲೇ ಮನೆಗೆ ಕಳಿಸದೆ, ಕ್ಯಾನ್ಯುಲಾ ತೆಗೆಯದೆ ಅರ್ಧ ಗಂಟೆ ಕೂರಿಸುವುದು ಇದಕ್ಕೇ. ಹಾಗಾದಾಗ ಪ್ರಾಣ ಉಳಿಸುವ ಔಷಧ ಅಡ್ರಿನಲಿನ್, ವಯಸ್ಕರಿಗೆ 0.3ರಿಂದ 0.5 ಮಿ.ಗ್ರಾಂ. ತೊಡೆಯ ಸ್ನಾಯುವಿಗೆ, ತಡಮಾಡದೆ. ನೀವು ಕೇಂದ್ರವನ್ನು ಆರಿಸುವಾಗ ಯಂತ್ರ ಎಷ್ಟು ಸ್ಲೈಸಿನದು ಎಂದು ಕೇಳುವುದಕ್ಕಿಂತ, ಇಂಜೆಕ್ಷನ್ ಹೊತ್ತಿನಲ್ಲಿ ವೈದ್ಯರೊಬ್ಬರು ಹತ್ತಿರ ಇರುತ್ತಾರೆಯೇ, ಅಡ್ರಿನಲಿನ್ ಮತ್ತು ಆಮ್ಲಜನಕ ಕೈಗೆಟುಕುವಂತಿವೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಭಯಕ್ಕೆ ತಲೆಸುತ್ತಿ ಬೀಳುವುದೂ ಉಂಟು. ಅಂಥವರಲ್ಲಿ ನಾಡಿ ನಿಧಾನವಾಗಿರುತ್ತದೆ, ಅಲರ್ಜಿಯಲ್ಲಿ ಸಾಮಾನ್ಯವಾಗಿ ವೇಗವಾಗಿರುತ್ತದೆ. ವೈದ್ಯರು ಮೊದಲು ಕೈಹಿಡಿದು ನಾಡಿ ನೋಡುವುದರಲ್ಲಿ ಈ ಲೆಕ್ಕವಿದೆ.

ಇನ್ನು ಸಿಗಡಿ. ಕರಾವಳಿಯಲ್ಲಿ ಈ ಪ್ರಶ್ನೆ ಬಾರದ ವಾರವಿಲ್ಲ. ಸಮುದ್ರದ ಮೀನು, ಸಿಗಡಿಗಳಲ್ಲಿ ಅಯೋಡಿನ್ ಇದೆ, ಕಾಂಟ್ರಾಸ್ಟ್‌ನಲ್ಲೂ ಅಯೋಡಿನ್ ಇದೆ, ಆದ್ದರಿಂದ ಒಂದು ಆಗದವರಿಗೆ ಇನ್ನೊಂದೂ ಆಗದು ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ, ಆದರೆ ತಪ್ಪು. ಸಿಗಡಿ ತಿಂದು ಮೈ ತುರಿಸುವವರಲ್ಲಿ ಮುಖ್ಯವಾಗಿ ಕಿರಿಕಿರಿ ಮಾಡುವುದು ಅದರ ಮಾಂಸದಲ್ಲಿರುವ ಟ್ರೊಪೊಮಯೋಸಿನ್ ಎಂಬ ಪ್ರೋಟೀನು. ಅಯೋಡಿನ್‌ಗೆ ಅದರಲ್ಲಿ ಪಾತ್ರವಿಲ್ಲ. ಅಯೋಡಿನ್ ನಮ್ಮ ಥೈರಾಯ್ಡ್ ಹಾರ್ಮೋನಿನ ಅಂಗವೇ ಆಗಿದೆ, ದಿನವೂ ತಿನ್ನುವ ಉಪ್ಪಿನಲ್ಲಿದೆ; ಅದಕ್ಕೆ ಅಲರ್ಜಿ ಇರುವವರು ಬದುಕುವುದೇ ಕಷ್ಟವಾಗುತ್ತಿತ್ತು. ಯಾವುದೇ ಅಲರ್ಜಿ ಅಥವಾ ಆಸ್ತಮಾ ಇರುವವರಿಗೆ ಕಾಂಟ್ರಾಸ್ಟ್‌ನ ಪ್ರತಿಕ್ರಿಯೆಯ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಎಂಬುದು ನಿಜ, ಆದರೆ ಅದರಲ್ಲಿ ಸಿಗಡಿಗೆ ವಿಶೇಷ ಸ್ಥಾನವೇನೂ ಇಲ್ಲ. ಅಷ್ಟಕ್ಕೇ ಪರೀಕ್ಷೆ ಬಿಡಬೇಕಾಗಿಯೂ ಇಲ್ಲ, ಮುಂಜಾಗ್ರತೆಯ ಮಾತ್ರೆಯೂ ಬೇಕಾಗಿಲ್ಲ.

ಹಳೆಯ ಗಂಧೆಯ ವಿಷಯ ಹಾಗಲ್ಲ. ಹಿಂದೆ ಕಾಂಟ್ರಾಸ್ಟ್‌ಗೇ ಅಲರ್ಜಿಯಂಥ ಪ್ರತಿಕ್ರಿಯೆ ಆಗಿದ್ದರೆ ಮತ್ತೆ ಆಗುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು ಎಂದು ಪರಿಗಣಿಸುತ್ತೇವೆ. ಐದು ಪಟ್ಟಾದರೂ ಮೂಲ ಸಂಖ್ಯೆ ಚಿಕ್ಕದಾದ್ದರಿಂದ ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೂ ಇದನ್ನು ತಿಳಿದು ಮುಂದುವರಿಯುವುದಕ್ಕೂ ತಿಳಿಯದೆ ಮುಂದುವರಿಯುವುದಕ್ಕೂ ತುಂಬ ಅಂತರವಿದೆ. ಇಪ್ಪತ್ತೈದು ವರ್ಷದ ಹಿಂದಿನ ಐವಿಪಿ ಎಂದಮೇಲೆ ಕೊಟ್ಟಿದ್ದು ಹಳೆಯ ಅಯಾನಿಕ್ ಔಷಧವಾಗಿರುವ ಸಂಭವವೇ ಹೆಚ್ಚು. ಈಗ ಕೊಡುವುದು ಬೇರೆ ಜಾತಿಯದು, ಇದು ಸಮಾಧಾನದ ಸಂಗತಿ. ಆದರೂ ಹಳೆಯ ಕಡತ ಅಟ್ಟದ ಮೇಲೆಲ್ಲಾದರೂ ಇದ್ದರೆ ಹುಡುಕಿ ತೆಗೆಯಿರಿ. ಔಷಧದ ಹೆಸರು, ಗಂಧೆ ಎದ್ದಾಗ ಉಸಿರಾಟಕ್ಕೆ ತೊಂದರೆಯಾಗಿತ್ತೇ, ಆಸ್ಪತ್ರೆಯಲ್ಲಿ ಉಳಿಸಿಕೊಂಡಿದ್ದರೇ ಎಂಬ ಮೂರು ವಿವರ ಸಿಕ್ಕಿದರೆ ರೇಡಿಯಾಲಜಿಸ್ಟ್‌ಗೆ ಅರ್ಧ ಕೆಲಸ ಮುಗಿದಂತೆ. ಬರೀ ಗಂಧೆ ಎದ್ದು, ಮಾತ್ರೆಯಿಂದಲೋ ತಾನಾಗಿಯೋ ಇಳಿದಿದ್ದರೆ ಅದನ್ನು ಸೌಮ್ಯ ಪ್ರತಿಕ್ರಿಯೆ ಎನ್ನುತ್ತೇವೆ, ಸ್ಕ್ಯಾನಿಗೆ ಅದು ಅಡ್ಡಿಯಲ್ಲ. ಉಸಿರು ಕಟ್ಟಿತ್ತು, ಎಚ್ಚರ ತಪ್ಪಿತ್ತು ಎಂದಾದರೆ ಲೆಕ್ಕಾಚಾರ ಬದಲಾಗುತ್ತದೆ. ಆಗ ಎಂಆರ್‌ಐ ಮುಂತಾದ ಬೇರೆ ದಾರಿಯನ್ನೇ ಮೊದಲು ಯೋಚಿಸುತ್ತೇವೆ. ಎಂಆರ್‌ಐಗೆ ಕೊಡುವ ಗ್ಯಾಡೊಲಿನಿಯಂ ಪೂರ್ತಿ ಬೇರೆಯ ಔಷಧ. ಇದರ ಅಲರ್ಜಿಗೂ ಅದಕ್ಕೂ ಸಂಬಂಧವಿಲ್ಲ.

ಮುಂಜಾಗ್ರತೆಯಾಗಿ ಸ್ಟಿರಾಯ್ಡ್ ಕೊಡಬೇಕೇ ಎಂಬುದರಲ್ಲಿ ತಜ್ಞರಲ್ಲೇ ಎರಡು ಪಂಥಗಳಿವೆ. ಪ್ರೆಡ್ನಿಸೋನ್ 50 ಮಿ.ಗ್ರಾಂ. ಅನ್ನು ಸ್ಕ್ಯಾನಿಗೆ 13, 7 ಮತ್ತು 1 ಗಂಟೆ ಮೊದಲು ಕೊಟ್ಟು, ಕೊನೆಯ ಡೋಸಿನೊಂದಿಗೆ ಅಲರ್ಜಿ ನಿರೋಧಕವನ್ನೂ ಕೊಡುವುದು ಅಮೆರಿಕದಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಇದರಿಂದ ಪ್ರಯೋಜನವಿದೆಯೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ, ಹಿಂದೆ ತೊಂದರೆ ಕೊಟ್ಟ ಔಷಧವನ್ನು ಬದಲಿಸುವುದೇ ಮುಖ್ಯ ಎನ್ನುತ್ತದೆ ಯುರೋಪಿನ ಯೂರೋಜೆನಿಟಲ್ ರೇಡಿಯಾಲಜಿ ಸಂಘ. ನಾನು ಎರಡನೆಯದರ ಕಡೆಗೆ ವಾಲುವವನು. ಸಕ್ಕರೆ ಕಾಯಿಲೆಯ ರೋಗಿಗೆ ಅಷ್ಟು ಸ್ಟಿರಾಯ್ಡ್ ಕೊಟ್ಟರೆ ಒಂದೆರಡು ದಿನ ಸಕ್ಕರೆ ಏರುತ್ತದೆ ಎಂಬುದನ್ನೂ ಮರೆಯಬಾರದು. ಆದರೆ ಈ ನಿರ್ಧಾರ ತಾಯಿಯವರನ್ನು ಎದುರಿಗೆ ಕಂಡು ಮಾತನಾಡಿಸಿದ ರೇಡಿಯಾಲಜಿಸ್ಟ್‌ರದು. ಅವರು ಮಾತ್ರೆ ಬರೆದುಕೊಟ್ಟರೆ ಹೇಳಿದ ಗಂಟೆಗೇ ತೆಗೆದುಕೊಳ್ಳಿ. ಸ್ಟಿರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕಾಗಿರುವುದರಿಂದ, ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಕೊಡುವ ಇಂಜೆಕ್ಷನ್‌ನಿಂದ ಮನಸ್ಸಿನ ಸಮಾಧಾನದ ಹೊರತು ಹೆಚ್ಚೇನೂ ಸಿಗುವುದಿಲ್ಲ. ಹಾಗೆಯೇ ಚರ್ಮಕ್ಕೆ ಒಂದು ಹನಿ ಚುಚ್ಚಿ ‘ಟೆಸ್ಟ್ ಡೋಸ್’ ಮಾಡಿ, ಕೆಂಪಾಗಲಿಲ್ಲ ಎಂದು ನಿಶ್ಚಿಂತರಾಗುವ ಹಳೆಯ ಪದ್ಧತಿಯನ್ನು ಕೆಲವು ಕಡೆ ಇನ್ನೂ ಬಿಟ್ಟಿಲ್ಲ. ಅದರಿಂದ ಮುಂದಿನ ಪ್ರತಿಕ್ರಿಯೆಯನ್ನು ಊಹಿಸಲು ಬರುವುದಿಲ್ಲ ಎಂಬುದು ಎಂದೋ ಸಾಬೀತಾಗಿದೆ.

ಕಿಡ್ನಿಯ ಬಗ್ಗೆ ನಿಮ್ಮ ನೆಂಟರ ಭಯ ಹಳೆಯದು, ಒಂದು ಕಾಲದಲ್ಲಿ ವೈದ್ಯರದೂ ಆಗಿತ್ತು. ಕಾಂಟ್ರಾಸ್ಟ್ ಕೊಟ್ಟ ಮೇಲೆ ಕ್ರಿಯಾಟಿನಿನ್ ಏರಿದವರನ್ನೆಲ್ಲ ಅದರದೇ ಬಲಿಪಶುಗಳೆಂದು ಎಣಿಸುತ್ತಿದ್ದರು. ಆದರೆ ಕಾಯಿಲೆಯಿಂದ ಮಲಗಿದವರ ಕ್ರಿಯಾಟಿನಿನ್ ಕಾಂಟ್ರಾಸ್ಟ್ ಇಲ್ಲದಿದ್ದರೂ ಏರಿಳಿಯುತ್ತಲೇ ಇರುತ್ತದೆ. ಕಾಂಟ್ರಾಸ್ಟ್ ಇಲ್ಲದೆ ಸ್ಕ್ಯಾನ್ ಆದವರೊಂದಿಗೆ ಹೋಲಿಸಿ ನೋಡಲು ಶುರು ಮಾಡಿದ ಮೇಲೆ, ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್‌ನ ಪಾಲು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಎಂದು ತಿಳಿಯಿತು. ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ನ್ಯಾಷನಲ್ ಕಿಡ್ನಿ ಫೌಂಡೇಶನ್ 2020ರಲ್ಲಿ ಒಟ್ಟಾಗಿ ಹೊರಡಿಸಿದ ಹೇಳಿಕೆಯ ಪ್ರಕಾರ ನಿಜವಾದ ಎಚ್ಚರಿಕೆ ಬೇಕಿರುವುದು ಇಜಿಎಫ್‌ಆರ್ (ಕ್ರಿಯಾಟಿನಿನ್, ವಯಸ್ಸು, ಲಿಂಗ ನೋಡಿ ಲೆಕ್ಕ ಹಾಕುವ ಕಿಡ್ನಿಯ ಸೋಸುವ ಸಾಮರ್ಥ್ಯ) 30ಕ್ಕಿಂತ ಕಡಿಮೆ ಇರುವವರಿಗೆ ಮತ್ತು ಆಗಷ್ಟೇ ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದವರಿಗೆ. ಅಂಥವರಿಗೆ ಸಲೈನ್ ಡ್ರಿಪ್ ಕೊಟ್ಟು ಮುಂದುವರಿಯಬೇಕು.

ಇಲ್ಲಿ ಕ್ರಿಯಾಟಿನಿನ್ ಎಂಬ ಒಂಟಿ ಸಂಖ್ಯೆಯನ್ನು ನಂಬಬೇಡಿ. ಅದೇ 1.3 ಅನ್ನು 25 ವರ್ಷದ ಯುವಕನಲ್ಲಿ ಲೆಕ್ಕಕ್ಕೆ ಹಾಕಿದರೆ ಇಜಿಎಫ್‌ಆರ್ 78ರ ಸುಮಾರಿಗೆ ಬರುತ್ತದೆ. 62 ವರ್ಷದ ಮಹಿಳೆಯಲ್ಲಿ 46ರ ಸುಮಾರಿಗೆ. ಅಂದರೆ ನಿಮ್ಮ ತಾಯಿಯವರ ಕಿಡ್ನಿಗಳು ಪೂರ್ಣ ಆರೋಗ್ಯವಾಗಿಲ್ಲ, ಅದನ್ನು ಅವರ ವೈದ್ಯರು ಬೇರೆಯಾಗಿಯೇ ಗಮನಿಸಬೇಕು. ಆದರೆ ಈ ಸ್ಕ್ಯಾನನ್ನು ತಡೆಯುವ ಮಟ್ಟದಿಂದ ಅವು ಸಾಕಷ್ಟು ದೂರದಲ್ಲಿವೆ. ಹಿಂದಿನ ದಿನ ಮತ್ತು ಸ್ಕ್ಯಾನ್ ಆದ ಮೇಲೆ ಚೆನ್ನಾಗಿ ನೀರು ಕುಡಿಸಿ, ವಾಂತಿ ಭೇದಿಯಾಗುತ್ತಿದ್ದರೆ ಪರೀಕ್ಷೆಯನ್ನು ಮುಂದೂಡಿ. ಮಂಡಿನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುವ ಅಭ್ಯಾಸವಿದ್ದರೆ ಆ ದಿನಗಳಲ್ಲಿ ನಿಲ್ಲಿಸಿ. ಕಾಂಟ್ರಾಸ್ಟ್ ಎಂದರೆ ಬೆಚ್ಚಿಬೀಳುವ ಮನೆಗಳಲ್ಲೇ ಈ ಮಾತ್ರೆಗಳು ಡಬ್ಬಿಗಟ್ಟಲೆ ಇರುತ್ತವೆ. ಸಕ್ಕರೆ ಕಾಯಿಲೆಯವರ ಕಿಡ್ನಿಗೆ ವರ್ಷವಿಡೀ ಹಾನಿ ಮಾಡುವುದರಲ್ಲಿ ಅವುಗಳದೇ ಮೇಲುಗೈ.

ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಹಠಾತ್ತನೆ ಕೆಟ್ಟರೆ ಅದು ದೇಹದಲ್ಲಿ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಹುದು ಎಂಬುದಷ್ಟೇ ಆತಂಕ. ಇಜಿಎಫ್‌ಆರ್ 30ಕ್ಕಿಂತ ಮೇಲಿದ್ದು ಕಿಡ್ನಿಯ ಸ್ಥಿತಿ ಸ್ಥಿರವಾಗಿದ್ದರೆ ಅದನ್ನು ನಿಲ್ಲಿಸುವ ಅಗತ್ಯವಿಲ್ಲವೆಂದು ಅಮೆರಿಕದ ರೇಡಿಯಾಲಜಿ ಕಾಲೇಜು ಹೇಳುತ್ತದೆ. ನಮ್ಮಲ್ಲಿ ಅನೇಕ ಕೇಂದ್ರಗಳು ಈಗಲೂ ಎಲ್ಲರಿಗೂ 48 ಗಂಟೆ ನಿಲ್ಲಿಸಲು ಹೇಳುತ್ತವೆ. ಎರಡು ದಿನ ನಿಲ್ಲಿಸಿದರೂ ಆಕಾಶವೇನೂ ಬೀಳುವುದಿಲ್ಲ, ಸಕ್ಕರೆ ನೋಡಿಕೊಂಡಿದ್ದರೆ ಸಾಕು. ನನಗೆ ಹೆಚ್ಚು ಚಿಂತೆಯಾಗುವುದು ಗ್ಲಿಮೆಪಿರೈಡ್‌ನದು. ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದಾಗ ಬೆಳಗಿನ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ, ತಿಂಡಿ ಬಿಟ್ಟು, ಸರತಿಗಾಗಿ ಮಧ್ಯಾಹ್ನದವರೆಗೆ ಕಾದು, ರಕ್ತದ ಸಕ್ಕರೆ ಕುಸಿದು ಬೆವರಿ ಒರಗುವ ವೃದ್ಧರು ಕಾಂಟ್ರಾಸ್ಟ್ ಅಲರ್ಜಿಯವರಿಗಿಂತ ಹೆಚ್ಚು. ಅಂದು ಊಟವಾಗುವವರೆಗೆ ಆ ಮಾತ್ರೆ ಬೇಡವೇ ಎಂದು ವೈದ್ಯರಲ್ಲಿ ಕೇಳಿಕೊಳ್ಳಿ, ಬೆಳಗಿನ ಮೊದಲ ಸರತಿಯನ್ನೇ ಪಡೆಯಿರಿ.

ನೀವು ಕೇಳದ ಒಂದು ವಿಷಯ ಥೈರಾಯ್ಡ್. 100 ಮಿ.ಲೀ. ಔಷಧದಲ್ಲಿ 30 ಗ್ರಾಂ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಅಯೋಡಿನ್ ಇರುತ್ತದೆ. ದಿನಕ್ಕೆ ಬೇಕಿರುವುದು 150 ಮೈಕ್ರೋಗ್ರಾಂ; ಆ ಲೆಕ್ಕದಲ್ಲಿ ಇದು ಐನೂರು ವರ್ಷಗಳ ಪಡಿತರ. ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಣುವಿಗೆ ಬಿಗಿದುಕೊಂಡೇ ಇದ್ದು, ಕಿಡ್ನಿ ಚೆನ್ನಾಗಿದ್ದರೆ 24 ಗಂಟೆಯೊಳಗೆ ಮೂತ್ರದಲ್ಲಿ ಹೊರಟುಹೋಗುತ್ತದೆ. ಬಿಡಿಯಾಗಿರುವ ಅಲ್ಪಾಂಶವೇ ಗಂಟುಗಂಟಾದ ಗಳಗಂಡ ಇರುವವರಲ್ಲಿ ಕೆಲವು ವಾರಗಳ ನಂತರ ಥೈರಾಯ್ಡನ್ನು ಕೆರಳಿಸಬಲ್ಲದು. ತಾಯಿಯವರ ಕತ್ತಿನಲ್ಲಿ ಊತವಿದ್ದರೆ ಅಥವಾ ಥೈರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಮೊದಲೇ ತಿಳಿಸಿ.

ಇಂಜೆಕ್ಷನ್ ಹೋಗುವಾಗ ತೋಳಿನಲ್ಲಿ ಉರಿ, ಊತ ಕಂಡರೆ ತಾಯಿಯವರು ಸುಮ್ಮನೆ ಸಹಿಸಿಕೊಳ್ಳದೆ ತಕ್ಷಣ ಕೂಗಿ ಹೇಳಬೇಕು. ಔಷಧ ನಾಳದ ಹೊರಗೆ ಸೋರುತ್ತಿರಬಹುದು. ಸ್ವಲ್ಪವಾದರೆ ಕೈ ಮೇಲೆತ್ತಿಟ್ಟು ತಣ್ಣೀರ ಪಟ್ಟಿ ಇಟ್ಟರೆ ಇಳಿಯುತ್ತದೆ. ನೋವು ಹೆಚ್ಚುತ್ತಾ ಬೆರಳು ಜೋಮು ಹಿಡಿದರೆ, ಚರ್ಮದ ಮೇಲೆ ಗುಳ್ಳೆ ಎದ್ದರೆ ಕೂಡಲೇ ತೋರಿಸಬೇಕು.

ಮನೆಗೆ ಹೊರಡುವ ಮೊದಲು ಕೊಟ್ಟ ಔಷಧದ ಹೆಸರು, ಪ್ರಮಾಣ, ದಿನಾಂಕ ಮತ್ತು ಏನಾದರೂ ಆಯಿತೇ ಎಂಬುದನ್ನು ಕಡತದಲ್ಲಿ ಬರೆಸಿಕೊಳ್ಳಿ. ‘ಡೈ ಅಲರ್ಜಿ’ ಎಂಬ ಎರಡು ಪದ ಸಾಲದು, ಹೆಸರೇ ಬೇಕು. ಎರಡು ದಿನ ಕಳೆದ ಮೇಲೆ ಒಮ್ಮೆ ಕ್ರಿಯಾಟಿನಿನ್ ನೋಡಿಸಬಹುದು. ಈ ಮಟ್ಟದಲ್ಲಿ ಕಡ್ಡಾಯವಲ್ಲ, ಆದರೆ ಸಕ್ಕರೆ ಕಾಯಿಲೆಯವರಲ್ಲಿ ನಾನು ಬೇಡವೆನ್ನುವುದಿಲ್ಲ. ಒಂದು ಗಂಟೆಯಿಂದ ಹಿಡಿದು ಒಂದು ವಾರದೊಳಗೆ ಯಾವಾಗ ಬೇಕಾದರೂ ಮೈಮೇಲೆ ದದ್ದು ಏಳಬಹುದು. ಹೆಚ್ಚಿನವು ತುರಿಕೆಯ ಮಾತ್ರೆಯಿಂದ ಕೆಲವು ದಿನಗಳಲ್ಲಿ ಇಳಿಯುತ್ತವೆ. ಜ್ವರ ಬಂದರೆ, ಬಾಯಿಯಲ್ಲಿ ಹುಣ್ಣಾದರೆ, ಚರ್ಮ ಸುಲಿಯತೊಡಗಿದರೆ ಮಾತ್ರ ಕಾಯದೆ, ಅದೇ ಕಡತವನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.